ಅವಳ ಬೆರಳಿನ ಉಂಗುರ

ರಿಯಾಕ್ಟರಿನ ಕೆಲಸಕ್ಕೆ ಮುಂಚೆ ಉಂಗುರ ಬಿಚ್ಚಬೇಕು. ನಾನು ಬಿಚ್ಚಿ, ಪರೀಕ್ಷೆಯ ತಟ್ಟೆಯಲ್ಲೇ ಮರೆತೆ. ತಟ್ಟೆ ಒಳಗೆ ಹೋಯಿತು. ನ್ಯೂಟ್ರಾನ್‌ಗಳು ಬಡಿದು ಚಿನ್ನ ವಿಕಿರಣ ಸೂಸತೊಡಗಿತು. ಮೀಟರ್ ಹಿಡಿದರೆ ಟಿಕ್ ಟಿಕ್.

"ಸೀಸದ ಡಬ್ಬೀಲಿಡಿ, ದಿನದಿಂದ ದಿನಕ್ಕೆ ಇಳಿಯುತ್ತೆ. ಅಂಟುರೋಗ ಅಲ್ಲ, ಇನ್ನೊಂದಕ್ಕೆ ಹರಡಲ್ಲ," ಎಂದರು ಮೇಲ್ವಿಚಾರಕರು.

ಪಾಲಿಶಿಗೆ ಕೊಟ್ಟಿದ್ದೇನೆಂದು ಹೆಂಡತಿಗೆ ಸುಳ್ಳು ಹೇಳಿದೆ.

ಕೊನೆಗೂ ಉಂಗುರ ಸುಮ್ಮನಾಯಿತು. ಧೈರ್ಯಕ್ಕೆಂದು ಮೀಟರಿನ ಜೊತೆಗೇ ಮನೆಗೆ ತಂದೆ. ನನ್ನದರಲ್ಲಿ ಸದ್ದಿಲ್ಲ. ನನ್ನದರ ಜೊತೆಗೇ ಒಂದೇ ಬಳೆ ಕರಗಿಸಿ ಮಾಡಿಸಿದ, ರಿಯಾಕ್ಟರಿನ ಮುಖವನ್ನೇ ಕಾಣದ ಅವಳ ಉಂಗುರ ಟಿಕ್ ಟಿಕ್ ಎಂದಿತು. ಮುಟ್ಟಿದರೆ ಬೆಚ್ಚಗಿತ್ತು.

ಹೇಳಹೊರಟರೆ ಆ ಸುಳ್ಳಿನಿಂದಲೇ ಶುರುಮಾಡಬೇಕು, ಅದಕ್ಕೇ ಹೇಳಿಲ್ಲ. ಅವಳು ಕೈ ಚಾಚಿದರೆ ನನ್ನ ಕೈ ಜೇಬಿಗೆ ಹೋಗುತ್ತದೆ.

"ನನ್ನ ಕೈ ಹಿಡಿಯೋಕೂ ನಾಚಿಕೆನಾ ನಿಮಗೆ?" ಅನ್ನುತ್ತಾಳೆ.

ಅವಳ ಉಂಗುರದ ಸದ್ದು ಇನ್ನೂ ಇಳಿದಿಲ್ಲ.