ನಾಲ್ಕನೆಯ ಹಾಸಿಗೆಯ ಬಾಣಂತಿ

ತೊಟ್ಟಿಲು ಖಾಲಿಯಿತ್ತು. ಹಾಸಿಗೆಯೂ.

ಲೋಕಾಪುರದ ಕಡೆಯ ಸಣ್ಣ ಸರಕಾರಿ ಆಸ್ಪತ್ರೆ. ಬೆಳಗಿನ ತಪಾಸಣೆಗೆ ಬಂದ ಡಾಕ್ಟರ್ ಗೌರೀಶ ಹೆರಿಗೆ ವಾರ್ಡಿನಲ್ಲಿ ಕಂಡದ್ದು ಅಷ್ಟೇ. ನಿನ್ನೆ ನಸುಕಿಗೆ ಹೆತ್ತ ಭಾಗ್ಯಾ ಇರಲಿಲ್ಲ, ಕೂಸೂ ಇರಲಿಲ್ಲ.

ಎಎಸ್‌ಐ ರಂಜನಾ ಬಂದಾಗ ಡಾಕ್ಟರು ಅವಳನ್ನು ಬದಿಗೆ ಕರೆದರು. ನಿನ್ನೆ ಮಾಡಿದ ಕೂಸಿನ ರಕ್ತಪರೀಕ್ಷೆಯ ವರದಿ ಈಗಷ್ಟೇ ಬಂದಿತ್ತು. ಕಾಮಾಲೆ ಏರಿದೆ. ಇಂದೇ ನೀಲಿ ದೀಪದಡಿ ಮಲಗಿಸದಿದ್ದರೆ ಜೀವಕ್ಕೆ ಅಪಾಯ.

ರಂಜನಾ ಒಬ್ಬೊಬ್ಬರನ್ನೇ ಕೇಳಿದಳು. ರಾತ್ರಿ ಅಡುಗೆಯ ಮುತ್ತವ್ವ ಬಾಣಂತಿಗೆ ಗೋಧಿ ರವೆಯ ಸಜ್ಜಕ ಕೊಟ್ಟಿದ್ದಳು. ಬೆಳಕು ಹರಿಯುವಾಗ ಬಾಣಂತಿ ಮುಸುಕು ಹೊದ್ದು ಮಲಗಿದ್ದನ್ನು ಕಂಡೆನೆಂದು ನರ್ಸ್ ರಾಜಶ್ರೀ ಹೇಳಿದಳು. ಹಾಗಾದರೆ ಕಾಣೆಯಾದದ್ದು ಆಮೇಲೆ. ಪೇದೆಗಳು ಬಸ್‌ಸ್ಟ್ಯಾಂಡಿಗೆ ಓಡಿದರು. ಯಾರೂ ಸಿಗಲಿಲ್ಲ.

ಭಾಗ್ಯಾಳ ಗಂಡ ಪರಮೇಶನನ್ನು ಸಕ್ಕರೆ ಕಾರ್ಖಾನೆಯ ಕಬ್ಬಿನ ಟ್ರ್ಯಾಕ್ಟರ್ ಸಾಲಿನಿಂದ ಕರೆತಂದರು. ಎರಡನೆಯದೂ ಹೆಣ್ಣು. ರಂಜನಾ ಅದನ್ನೇ ಕೆದಕಿದಳು.

“ಮತ್ತ ಹೆಣ್ಣಾತಂತ ನಕ್ಕಿದ್ದು ಊರಮಂದಿರಿ, ನಾನಲ್ಲ” ಎಂದ.

ನಿನ್ನೆಯಿಂದ ಅವನು ಸಾಲು ಬಿಟ್ಟು ಕದಲಿರಲಿಲ್ಲ. ಜೊತೆಗಿದ್ದ ಚಾಲಕರೂ ಅದನ್ನೇ ಹೇಳಿದರು.

*

ರಂಜನಾ ನಾಲ್ಕನೆಯ ಹಾಸಿಗೆಗೆ ಮರಳಿ, ಬಗ್ಗಿ ದುಪ್ಪಟಿ ಮೂಸಿದಳು. ಮಗಳು ಹಾಸ್ಟೆಲ್ ಸೇರಿ, ಕ್ವಾರ್ಟರ್ಸಿನಲ್ಲಿ ಒಬ್ಬಳೇ ಉಳಿದ ಅವಳಿಗೆ ಬಾಣಂತಿ ಹಾಸಿಗೆಯ ವಾಸನೆ ಇನ್ನೂ ನೆನಪಿತ್ತು. ಇಲ್ಲಿ ಅದಿರಲಿಲ್ಲ. ಫಿನೈಲ್ ವಾಸನೆ ಇತ್ತು.

ರಾಜಶ್ರೀಯನ್ನೂ ನೆಲ ಒರೆಸುವ ಶಂಕ್ರೆವ್ವನನ್ನೂ ಕರೆದಳು.

“ಇದು ನಿನ್ನೆ ಸಂಜಿಗೆ ಹಾಸಿದ ದುಪ್ಪಟಿ. ಹಸಿ ಬಾಣಂತಿ ರಾತ್ರಿಯೆಲ್ಲಾ ಮಲಗಿದ್ರ ಒಂದ ರಗತದ ಕಲಿನೂ ಇಲ್ಲೇನ್ರಿ? ಮಲಗಿದಾಕಿ ಬ್ಯಾರೆ, ಫಿನೈಲ್ ಕೈಯಾಕಿ. ಭಾಗ್ಯಾ ಸಂಜಿಗೇ ಹೋಗ್ಯಾಳ. ಸಿಸ್ಟರ್, ಮುಸುಕು ಕಂಡೆ ಅಂದ್ರಿ. ಮಾರಿ ಕಂಡೆ ಅನ್ನಲಿಲ್ಲ.”

ಆಮೇಲೆ ವರದಿಯ ವಿಷಯ ಹೇಳಿದಳು. ಆಗ ರಾಜಶ್ರೀ ಬಾಯಿಬಿಟ್ಟಳು.

“ಭಾಗ್ಯಾ ಹಿರೇ ಕೂಸಿಗೆ ಜ್ವರ ಅಂತ ಅಳಾಕತ್ತಿದ್ಲರಿ. ಎರಡು ದಿನ ಇಲ್ಲೇ ಇರಬೇಕಂತ ನಿಯಮ ಐತಿ. ತವರಾಗ ಬಿಟ್ಟುಬಂದ ಕೂಸಿಗೆ ಯಾವ ನಿಯಮಾನೂ ಇಲ್ಲ.”

ಮೇಲಿನ ಅಧಿಕಾರಿಗಳು ಬಂದು ತುಂಬಿದ ಹಾಸಿಗೆ ಎಣಿಸುತ್ತಾರೆ. ಅದಕ್ಕೇ ಯಾರನ್ನಾದರೂ ಮನೆಗೆ ಬಿಟ್ಟ ರಾತ್ರಿ ಶಂಕ್ರೆವ್ವ ಬೆಳಗಿನ ಕೆಲಸಕ್ಕೆ ಏಳುವ ತನಕ ಮುಸುಕು ಹೊದ್ದು ಮಲಗುತ್ತಿದ್ದಳು. ಬೆಳಕಾಗುವುದರೊಳಗೆ ಬರುತ್ತೇನೆಂದಿದ್ದ ಭಾಗ್ಯಾಳಿಗೆ ಗಾಡಿ ಸಿಕ್ಕಿರಲಿಲ್ಲ. ಪೊಲೀಸರನ್ನು ಕಂಡು ರಾಜಶ್ರೀ ಹೆದರಿ ಸುಳ್ಳು ಹೇಳಿದ್ದಳು. ಈಗ ಜಾಗ ಹೇಳಿದಳು: ಊರಾಚೆ ಭಾಗ್ಯಾಳ ಅಪ್ಪನ ಕುರಿಹಟ್ಟಿ.

*

ಜೀಪು ತಾಯಿ ಮಕ್ಕಳನ್ನು ಕರೆತಂದಿತು. ಕೂಸು ಮಂಕಾಗಿತ್ತು, ಆದರೆ ಹಾಲು ಚೀಪಿತು. ನೀಲಿ ದೀಪದಡಿ ಮಲಗಿಸಿದ ಡಾಕ್ಟರು, ಉಳಿಯುತ್ತದೆ ಎಂದರು. ರಾಜಶ್ರೀ ಹೇಳಿಕೆ ಕೊಡಲು ಠಾಣೆಗೆ ಹೊರಟಳು.

“ನೀ ಯಾಕ ಒಪ್ಪಿದಿ ಯವ್ವಾ?” ರಂಜನಾ ಕೇಳಿದಳು.

ಗಂಡ ಸತ್ತ, ಮಕ್ಕಳಿಲ್ಲದ ಶಂಕ್ರೆವ್ವ ಒರೆಸುವ ಬಟ್ಟೆ ಹಿಂಡಿದಳು. “ಮುಸುಕಿನ್ಯಾಗ ಇದ್ರ ಮುತ್ತವ್ವ ‘ಹೆಂಗದೀಯವ್ವಾ’ ಅಂತ ಕೇಳ್ತಾಳ್ರಿ.”

ಅಷ್ಟರಲ್ಲಿ ಮುತ್ತವ್ವ ಸಜ್ಜಕದ ತಾಟು ಹಿಡಿದು ಬಂದಳು. ಶಂಕ್ರೆವ್ವನಿಗೆ “ಅತ್ತಾಗ ಸರಿ” ಎಂದು, ನಾಲ್ಕನೆಯ ಹಾಸಿಗೆಯತ್ತ ಬಾಗಿ ಭಾಗ್ಯಾಳ ತಲೆ ಸವರಿದಳು.

“ಹೆಂಗದೀಯವ್ವಾ?”