ಹೆಪ್ಪು ಹಾಕಿದ ಬಿಸಿಲು

“ತಣ್ಣಗಿದೆ!” ದೊಡ್ಡಪ್ಪ ಬಾಟಲಿಯನ್ನು ಕೆನ್ನೆಗೆ ಒತ್ತಿಕೊಂಡು ನೋಡಿದರು. “ಇದ್ರಲ್ಲಿ ಬಿಸಿಲೂ ಇಲ್ಲ, ಮಣ್ಣೂ ಇಲ್ಲ. ಅಮ್ಮಾ, ಬಟ್ಟೆ ಪ್ಯಾಕ್ ಮಾಡ್ಕೋ.”

ಚೂಟಿ ಅಜ್ಜಿಯ ಮುಖ ನೋಡಿದಳು. ಚಳಿಗಾಲದಲ್ಲಿ ಅಜ್ಜಿಯ ಕೋಣೆ ಕೊರೆಯುತ್ತದೆ, ಮಂಡಿ ಹಿಡಿದುಕೊಳ್ಳುತ್ತದೆ. ಇವತ್ತು ಸಂಜೆ ಕೋಣೆ ಬೆಚ್ಚಗಾಗದಿದ್ದರೆ ಅಜ್ಜಿಯನ್ನು ತಮ್ಮ ಮನೆಗೆ ಕರೆದೊಯ್ಯುವುದಾಗಿ ದೊಡ್ಡಪ್ಪ ಮೊದಲೇ ಹೇಳಿದ್ದರು. ಅಜ್ಜಿ ಹೋದರೆ ಚೂಟಿಯ ಜೊತೆ ಕೇರಂ ಆಡುವವರು ಯಾರು? ಮೋಸ ಮಾಡಿ ಗೆಲ್ಲುವವರಾದರೂ ಯಾರು?

ಅತ್ತೆ ಒಂದೊಂದೇ ಬಾಟಲಿಯನ್ನು ಎತ್ತಿ ದೀಪಕ್ಕೆ ಹಿಡಿದು ನೋಡುತ್ತಿದ್ದರು. ಅವರು ಸೋಲಾರ್ ಹೀಟರ್ ಕೂರಿಸುವ ಮೆಕ್ಯಾನಿಕ್. ಅಜ್ಜಿಗಾಗಿ ಅವರೇ ಒಂದು ಉಪಾಯ ಹೂಡಿದ್ದರು. ಒಂದು ಬಗೆಯ ಉಪ್ಪನ್ನು ಬಾಟಲಿಗಳಿಗೆ ತುಂಬಿ, ತಾರಸಿಯ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಇಡುವುದು. ಬಿಸಿಲಿಗೆ ಉಪ್ಪು ಕರಗಿ ನೀರಾಗುತ್ತದೆ. ಸಂಜೆ ಮಂಚದ ಕೆಳಗಿಟ್ಟರೆ ಮತ್ತೆ ಗಟ್ಟಿಯಾಗುತ್ತಾ, ಹೀರಿಕೊಂಡ ಬಿಸಿಯನ್ನು ಬಿಟ್ಟುಕೊಡುತ್ತದೆ. ಒಂದೆರಡು ಬಾಟಲಿ ಆಗಾಗ ಗಟ್ಟಿಯಾಗದೆ ಮುಷ್ಕರ ಹೂಡುತ್ತಿದ್ದವು, ಅಷ್ಟೇ. ಇವತ್ತು ಮಾತ್ರ ಇಪ್ಪತ್ತೂ ತಣ್ಣಗಾಗಿವೆ, ಒಂದೂ ಗಟ್ಟಿಯಾಗಿಲ್ಲ!

“ಅತ್ತೇ...” ಚೂಟಿ ಅತ್ತೆಯ ತೋಳು ಹಿಡಿದು ತಡವರಿಸಿದಳು. “ತಪ್ಪು ನಂದೇ. ದೊಡ್ಡಪ್ಪ ಬರ್ತಾರಲ್ಲ, ನೀಟಾಗಿ ಕಾಣ್ಲಿ ಅಂತ ಮಧ್ಯಾಹ್ನ ಉಪ್ಪಿನ ನೀರನ್ನೆಲ್ಲ ಸೋಸಿದೆ. ಬಾಟಲಿ, ಮುಚ್ಚಳ ಎಲ್ಲಾ ಉಜ್ಜಿ ಉಜ್ಜಿ ತೊಳೆದೆ. ಒಂದು ಹರಳೂ ಬಿಡ್ಲಿಲ್ಲ.”

ಮಂಚದ ಮೇಲಿಂದ ಅಜ್ಜಿ ನಕ್ಕರು. “ಮತ್ತೆ ಹೇಗೆ ಗಟ್ಟಿಯಾಗತ್ತೆ? ಹೆಪ್ಪು ಹಾಕ್ದೆ ಬರೀ ಹಾಲಿಟ್ಟು ಕಾದ್ರೆ ಮೊಸರಾಗತ್ತೇನೇ?”

ಅಜ್ಜಿ ಹೇಳಿದ್ದು ತಮಾಷೆಗೆ. ಆದರೆ ಚೂಟಿ ಎದ್ದುಬಿದ್ದು ಓಡಿದಳು. ಅತ್ತೆಯ ಉಪ್ಪಿನ ಡಬ್ಬಿಯ ತಳದಿಂದ ಒಂದು ಚಿಟಿಕೆ ಹರಳು ತಂದಳು. ಬಾಟಲಿಯೊಂದರ ಮುಚ್ಚಳ ತೆಗೆದು, ಒಂದೇ ಒಂದು ಹರಳು ಹಾಕಿದಳು.

ಹರಳು ಬಿದ್ದ ಕಡೆಯಿಂದ ಬಿಳಿ ಮುಳ್ಳುಗಳು ಹೊರಟವು. ನೋಡನೋಡುತ್ತಿದ್ದಂತೆ ಬಾಟಲಿಯೆಲ್ಲ ಬೆಳ್ಳಗಾಯಿತು.

“ಏನಿದು, ಕೊಡಿಲ್ಲಿ,” ಎಂದು ದೊಡ್ಡಪ್ಪ ಕೈ ಹಾಕಿದರು. “ಅಯ್ಯಯ್ಯೋ, ಸುಡ್ತಿದೆ!”

“ಬಂತು! ಬಿಸಿ ಬಂತು!” ಚೂಟಿ ಕೇಕೆ ಹಾಕಿದಳು. ಎರಡು, ಮೂರು, ಹತ್ತು... ಇಪ್ಪತ್ತೂ ಬಾಟಲಿಗಳು ಬೆಳ್ಳಗಾದವು. ಸ್ವಲ್ಪ ಹೊತ್ತಿಗೆ ಅಜ್ಜಿ ಶಾಲು ತೆಗೆದು ಮಗನ ಹೆಗಲಿಗೆ ಹಾಕಿದರು.

“ನಿಮ್ಮನೇಲೇ ಚಳಿ ಜಾಸ್ತಿ ಕಣೋ. ಇದನ್ನ ಹೊದ್ಕೊಂಡು ಹೋಗು.”

ದೊಡ್ಡಪ್ಪನೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ಮಾತ್ರ ಬಾಟಲಿಗಳನ್ನೇ ನೋಡುತ್ತಿದ್ದರು.

“ಎರಡು ವರ್ಷದಿಂದ ತಲೆ ಕೆಡಿಸ್ಕೊಂಡಿದ್ದೆ, ಕೆಲವು ಬಾಟಲಿ ಯಾಕೆ ಕೈಕೊಡ್ತವೆ ಅಂತ. ಒಂದು ಹರಳೂ ಉಳೀದಿದ್ರೆ ಗಟ್ಟಿಯಾಗಲ್ಲ ಅಂತ ನೀನು ತೊಳೆದಿದ್ದಕ್ಕೆ ಗೊತ್ತಾಯ್ತು ನೋಡೇ!” ತಮ್ಮ ಕೆಲಸದ ನೋಟ್‌ಬುಕ್ಕನ್ನು ಅವಳ ಮುಂದಿಟ್ಟರು. “ಏನೇನಾಯ್ತೋ ಎಲ್ಲಾ ಬರಿ.”

‘ನಾನು ಬಾಟಲಿ ತೊಳೆದೆ,’ ಎಂದು ಚೂಟಿ ಶುರು ಮಾಡಿದಳು. ಸ್ವಲ್ಪ ಹೊತ್ತಿನ ಮುಂಚೆ ಆ ಮಾತು ಬಾಯಿಂದ ಹೊರಡುವುದೇ ಕಷ್ಟವಾಗಿತ್ತು. ಈಗ ಪೆನ್ನು ಎಲ್ಲೂ ನಿಲ್ಲಲಿಲ್ಲ.