ಸ್ನೇಹಾಳ ಡ್ರಾಯರಿನ ಲಕೋಟೆಗಳು

"ಮೇಡಂ, ನಾ ಕಳ್ಳಿ ಅಲ್ರೀ," ಎನ್ನುತ್ತ ಸ್ನೇಹಾ ಬಾಗಿಲಲ್ಲೇ ಅತ್ತುಬಿಟ್ಟಳು.

ನಿವೃತ್ತ ಇನ್‌ಸ್ಪೆಕ್ಟರ್ ದಾಕ್ಷಾಯಣಿಯವರು ಅವಳನ್ನು ಕೂರಿಸಿ ನೀರು ಕೊಟ್ಟರು. ಕೊಡಿಗೇಹಳ್ಳಿಯ ಅವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಅವರು ಕೈಗೆತ್ತಿಕೊಂಡ ಪ್ರಕರಣಗಳಲ್ಲೆಲ್ಲ ಜೊತೆಗಿದ್ದವನೂ ನಾನೇ.

ಸ್ನೇಹಾ ಕಲಬುರಗಿಯ ಹುಡುಗಿ. ವಿದ್ಯಾರಣ್ಯಪುರದ ಜಾಹೀರಾತು ಕಂಪನಿಯೊಂದರಲ್ಲಿ ಡಿಸೈನರ್. ಕೆಲವು ತಿಂಗಳಿಂದ ಸಂಬಳದ ದಿನ ಆಫೀಸಿನ ಅವಳ ಮೇಜಿನ ಡ್ರಾಯರಿನಲ್ಲಿ ಒಂದು ಲಕೋಟೆ ಇರುತ್ತಿತ್ತು, ಒಳಗೆ ಐದು ಸಾವಿರ ರೂಪಾಯಿ. ಇಟ್ಟವರಾರೆಂದು ತಿಳಿಯದು. ಹಿಂದಿನ ದಿನ ಮಾಲೀಕ ನರೇಂದ್ರ ಅವನ್ನು ಕಂಡು, ಕಂಪನಿಯ ಐಡಿಯಾಗಳನ್ನು ಹೊರಗೆ ಮಾರಿ ಗಳಿಸಿದ ದುಡ್ಡೆಂದು ಆರೋಪಿಸಿದ್ದ. ಅವಳ ಕೆಲಸ ಹೋಗುವುದರಲ್ಲಿತ್ತು.

ದಾಕ್ಷಾಯಣಿ ಅವಳು ತಂದಿದ್ದ ಒಂದು ಲಕೋಟೆಯನ್ನು ತಿರುಗಿಸಿ ನೋಡಿದರು. ದಪ್ಪ ಡ್ರಾಯಿಂಗ್ ಹಾಳೆಯನ್ನು ಕತ್ತರಿಸಿ ಕೈಯಲ್ಲೇ ಮಾಡಿದ್ದು. ಅಂಟನ್ನು ಬೆರಳಿನಿಂದ ಉಜ್ಜಿದಾಗ ಅದು ಸಣ್ಣ ಉಂಡೆಯಾಗಿ ಎದ್ದುಬಂತು.

"ಇದು ಶುರುವಾಗೋ ಮುಂಚೆ ನಿನ್ನ ಕಷ್ಟ ಯಾರಿಗಾದ್ರೂ ಹೇಳ್ಕೊಂಡಿದ್ಯಾ?"

"ರೂಮಿನ ಬಾಡಿಗಿ ಏರೈತಿ, ರಾತ್ರಿ ಊಟ ಬಿಟ್ಟೀನಿ ಅಂತ ಒಮ್ಮೆ ಆಫೀಸಿನ್ಯಾಗ ಊಟಕ್ಕ ಕೂತಾಗ ನಕ್ಕೋತ ಅಂದಿದ್ದೆ. ಭೀಮರಾಜ್ ಸರ್, ಲೆಕ್ಕದ ನೂರ್‌ಜಹಾನ್ ಮೇಡಂ ಇಬ್ರೇ ಇದ್ರು. ನರೇಂದ್ರ ಸರ್ ಮುಂಬೈಗೆ ಹೋಗಿದ್ರು."

ಮರುದಿನ ನಾವು ಕಂಪನಿಗೆ ಹೋದೆವು. ದಾಕ್ಷಾಯಣಿ ಎಲ್ಲರನ್ನೂ ಕೇಳಿದ್ದು ಒಂದೇ ಪ್ರಶ್ನೆ: ಕೆಲಸಕ್ಕೆ ಸೇರಿದಾಗ ಏನು ಮಾಡುತ್ತಿದ್ದಿರಿ? ನೂರ್‌ಜಹಾನ್ ಮೊದಲಿನಿಂದಲೂ ಕಂಪ್ಯೂಟರಿನಲ್ಲಿ ಲೆಕ್ಕ ನೋಡಿದವರು. ನರೇಂದ್ರ ಮತ್ತು ಹಿರಿಯ ಕಲಾವಿದ ಭೀಮರಾಜ್, ಕಂಪ್ಯೂಟರ್ ಬರುವ ಮುಂಚೆ ಬೇರೊಂದು ಕಂಪನಿಯಲ್ಲಿ ಜೊತೆಗೆ ದುಡಿದು, ಚಿತ್ರ, ಅಕ್ಷರಗಳನ್ನು ಹಾಳೆಗೆ ಅಂಟಿಸಿ ಜಾಹೀರಾತು ಮಾಡಿದವರು.

ಸ್ನೇಹಾ ಸೇರಿ ನಾಲ್ವರನ್ನೂ ಒಂದೆಡೆ ಕೂರಿಸಿ ದಾಕ್ಷಾಯಣಿ ಹೇಳಿದರು. "ಈ ಲಕೋಟೆಗೆ ಹಾಕಿರೋದು ರಬ್ಬರ್ ಸಲ್ಯೂಷನ್. ಹಿಂದೆ ಚಿತ್ರ ಅಂಟಿಸೋರು ಬಳಸ್ತಿದ್ದ ಅಂಟು, ಉಜ್ಜಿದ್ರೆ ಉಂಡೆಯಾಗಿ ಬರುತ್ತೆ. ಅದು ಗೊತ್ತಿರೋರು ಇಲ್ಲಿ ಇಬ್ರೇ."

"ಹಾಗಾದ್ರೆ ನಾನೂ ಒಬ್ಬ," ಎಂದ ನರೇಂದ್ರ.

"ಈ ಹುಡುಗಿ ಊಟ ಬಿಟ್ಟಿದ್ದು ನಿಮಗೆ ಗೊತ್ತೇ ಇರ್ಲಿಲ್ಲ. ಆವತ್ತು ನೀವು ಮುಂಬೈಲಿದ್ರಿ. ಅದನ್ನ ಕೇಳಿಸ್ಕೊಂಡ, ಈ ಅಂಟೂ ಗೊತ್ತಿರೋ ಮನುಷ್ಯ ಒಬ್ರೇ. ಭೀಮರಾಜ್ ಅವರೇ, ಸುಮ್ಮನಿದ್ದದ್ದು ಯಾಕೆ?"

"ಎರಡು ದಿನ ರಜದಲ್ಲಿದ್ದೆ ಮೇಡಂ. ಇವಳಿಗೆ ಇಂಥ ಮಾತು ಬಂದಿದೆ ಅಂತ ಗೊತ್ತಾಗಿದ್ದೇ ಈಗ." ಅವರು ಹಳೆಯ ಗೆಳೆಯ ನರೇಂದ್ರನತ್ತ ತಿರುಗಿದರು. "ತೊಂಬತ್ತೊಂದರಲ್ಲಿ ನಮ್ಮ ಸಂಬಳ ಎರಡು ಸಾವಿರ ಕಣೋ. ಯಶವಂತಪುರದ ರೂಮಿಗೆ ನಾನೂರು. ಊರಿಗೆ ಕಳಿಸಿಯೂ ಭಾನುವಾರ ಸಿನಿಮಾ ನೋಡ್ತಿದ್ವಿ. ಎರಡ್ ಸಾವಿರದ ಹತ್ತರಲ್ಲಿ ಹೊಸಬರಿಗೆ ಹದಿನೆಂಟು ಸಾವಿರ ಕೊಟ್ವಿ. ಈಗ ಇವಳಿಗೆ ಇಪ್ಪತ್ತು, ರೂಮಿಗೇ ಹನ್ನೊಂದು! ನಮ್ಮಿಬ್ಬರದು ಮಾತ್ರ ಏರ್ತಾನೇ ಹೋಯ್ತು. ಹೊಸಬರಿಗೂ ಏರಿಸು ಅಂತ ಎರಡು ಸಲ ಹೇಳ್ದೆ, ನೀನು ‘ಮಾರ್ಕೆಟ್ ರೇಟೇ ಅಷ್ಟು’ ಅಂದ್ಬಿಟ್ಟೆ. ಕೈಗೆ ಕೊಟ್ರೆ ಇವಳು ತಗೋತಿರ್ಲಿಲ್ಲ."

ನರೇಂದ್ರ ಕುರ್ಚಿ ಹಿಂದೆ ಸರಿಸಿದ. ಆಮೇಲೆ ಎದ್ದು ಸ್ನೇಹಾಳ ಮುಂದೆ ನಿಂತ. "ತಪ್ಪಾಯ್ತಮ್ಮ. ನೂರ್‌ಜಹಾನ್, ಈ ತಿಂಗಳಿಂದ್ಲೇ ಹೊಸಬರಿಗೆಲ್ಲ ಸಂಬಳ ಮೂವತ್ತೆರಡು ಸಾವಿರ ಮಾಡಿ."

ಸ್ನೇಹಾ ಲಕೋಟೆಗಳನ್ನು ಭೀಮರಾಜರ ಮುಂದಿಟ್ಟಳು. "ಒಂದು ರೂಪಾಯಿನೂ ಮುಟ್ಟಿಲ್ರೀ ಸರ್. ಯಾರ ರೊಕ್ಕ ಅಂತ ಗೊತ್ತಿರ್ಲಿಲ್ಲಲ್ರೀ."

ಭೀಮರಾಜರ ಮುಖ ಬಾಡಿತು. "ಹಾಗಾದ್ರೆ ಇಷ್ಟು ತಿಂಗಳೂ ರಾತ್ರಿ ಏನ್ ತಿಂತಿದ್ದೆ, ಮಗಳೇ?"

ಅವಳು ತಲೆ ತಗ್ಗಿಸಿದಳು.

"ಏಳು, ಮನೆಗೆ ಹೋಗೋಣ. ನಮ್ಮನೆಯವ್ಳು ಅಡುಗೆ ಮಾಡಿರ್ತಾಳೆ."

ನರೇಂದ್ರ ತನ್ನ ಕಾರಿನ ಕೀ ತೆಗೆದುಕೊಂಡು ಅವರ ಮುಂದೆ ನಡೆದ.